ಕ್ಯಾಲೆಂಡರಿನ ಕೆಂಪು ಸೊನ್ನೆಗಳು

ನಮ್ಮ ಮನೆಯ ಕ್ಯಾಲೆಂಡರು ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ವಿಜಯನಗರದ ಮಾರುಕಟ್ಟೆ ರಸ್ತೆಯ ದಿನಸಿ ಅಂಗಡಿಯವರು ವರ್ಷಕ್ಕೊಂದು ಕೊಡುತ್ತಾರೆ. ತಿಥಿ, ರಾಹುಕಾಲ, ಹಬ್ಬ, ಸರ್ಕಾರಿ ರಜೆ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. ಅಚ್ಚಾಗದೆ ಉಳಿದದ್ದನ್ನು ನಮ್ಮ ಅತ್ತೆ ಪೆನ್ನಿನಲ್ಲಿ ಸೇರಿಸುತ್ತಿದ್ದರು. ಹಾಲು ಬರದ ದಿನಕ್ಕೊಂದು ಅಡ್ಡಗೆರೆ. ಹೊಸ ಸಿಲಿಂಡರ್ ಜೋಡಿಸಿದ ದಿನಕ್ಕೆ ಗ್ಯಾಸಿನ 'ಗ್ಯಾ'. ನಾನು ಮುಟ್ಟಾದ ದಿನಕ್ಕೆ ಒಂದು ಕೆಂಪು ಸೊನ್ನೆ.

ಮದುವೆಯಾಗಿ ಬಂದ ಮೊದಲ ತಿಂಗಳು ಆ ಸೊನ್ನೆಯನ್ನು ನೋಡಿ ನನಗೆ ಮೈಯೆಲ್ಲಾ ಮುದುಡಿಕೊಂಡಂತಾಗಿತ್ತು. ಬಾಪೂಜಿ ನಗರದ ನಮ್ಮಮ್ಮನ ಮನೆಯಲ್ಲಿ ಎರಡೇ ಕೋಣೆ, ಮೂವರು ಹೆಣ್ಣುಮಕ್ಕಳು. ಯಾರು ಯಾವಾಗ ಹೊರಗಾದರು ಎಂದು ಬರೆದಿಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಅತ್ತೆಗೆ ಮಾತ್ರ ಅದು ಸಿಲಿಂಡರಿನಷ್ಟೇ ಸಹಜವಾದ ವಿಷಯ. ನಾಯಂಡಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದ ಒಕ್ಕಲು ಮನೆತನ ಅವರದು. ಹೊಲಗಳೆಲ್ಲ ಗೋಡೌನುಗಳಾದ ಮೇಲೆ ವಿಜಯನಗರಕ್ಕೆ ಬಂದು ಮನೆ ಕಟ್ಟಿದ್ದರು, ಪೂಜೆ ಪುನಸ್ಕಾರ ಮಾತ್ರ ಬಿಟ್ಟಿರಲಿಲ್ಲ. ಯಾವ ಶುಕ್ರವಾರ ಸೊಸೆ ದೇವರ ಮನೆಗೆ ಬರಬಹುದು, ಯಾವ ಶುಕ್ರವಾರ ಬರಬಾರದು ಎಂದು ಮೊದಲೇ ತಿಳಿದಿದ್ದರೆ ಅನುಕೂಲ, ಅಷ್ಟೇ. ಅವರಿಗೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಯಾರೂ ಕೆಟ್ಟವರಿಲ್ಲ. ಕೆಟ್ಟವರು ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನಮ್ಮ ಯಜಮಾನರು ಕೈ ಎತ್ತಿದವರಲ್ಲ. ಕುಡಿಯುವುದಿಲ್ಲ, ಬಯ್ಯುವುದಿಲ್ಲ, ಸರ್ಕಾರಿ ಕಚೇರಿಯ ಕೆಲಸ ಮುಗಿಸಿ ಆರೂವರೆಗೆ ಮನೆಯಲ್ಲಿರುತ್ತಾರೆ. ನನ್ನ ಅಕ್ಕಂದಿರು ಇವತ್ತಿಗೂ ನನ್ನ ಅದೃಷ್ಟವನ್ನು ಹೊಗಳುತ್ತಾರೆ. ಯಜಮಾನರು ಮಾಡಿದ್ದೆಂದರೆ ಒಂದೇ. ನಾನು ಏನಾದರೂ ಗಟ್ಟಿಯಾಗಿ ಹೇಳಲು ಶುರು ಮಾಡಿದರೆ ಕತ್ತು ತಿರುಗಿಸಿ ಕ್ಯಾಲೆಂಡರ್ ನೋಡುತ್ತಿದ್ದರು.

ಮೊದಲ ಸಲ ಹಾಗೆ ನೋಡಿದ್ದು ಮದುವೆಯ ಎರಡನೇ ವರ್ಷ. ನಾನು ಬಸವೇಶ್ವರನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಿನ ಪಾಳಿಯ ಜವಾಬ್ದಾರಿ ಪೂರ್ತಿ ನಿಮಗೇ ಕೊಡುತ್ತೇವೆ ಎಂದು ಲ್ಯಾಬಿನವರು ಹೇಳಿದ್ದರು. ನಾನು ಆ ಸಂಭ್ರಮವನ್ನು ಮನೆಯಲ್ಲಿ ಹಂಚಿಕೊಂಡೆ. ಎರಡು ದಿನ ಬಿಟ್ಟು ಲ್ಯಾಬಿಗೆ ಹೋದರೆ ಆ ಜವಾಬ್ದಾರಿ ಬೇರೆಯವರಿಗೆ ಹೋಗಿತ್ತು. ನಿಮ್ಮ ಯಜಮಾನರು ಫೋನ್ ಮಾಡಿದ್ದರಲ್ಲ, ಮನೆಯಲ್ಲಿ ಕಷ್ಟವಾಗುತ್ತದೆ ಅಂದರು ಎಂದು ಮಾಲೀಕರು ಕನಿಕರದಿಂದಲೇ ಹೇಳಿದರು. ನಾನು ಸಂಜೆಯವರೆಗೂ ಸಿರಿಂಜು ಹಿಡಿದು ಜನರ ತೋಳಿನಲ್ಲಿ ನರ ಹುಡುಕಿದೆ. ಮನೆಗೆ ಬಂದು ಕೇಳಿದೆ. ನನ್ನನ್ನು ಒಂದು ಮಾತು ಕೇಳದೆ ಹೇಗೆ ಫೋನ್ ಮಾಡಿದಿರಿ ಎಂದು ಕೇಳುವಾಗ ನನ್ನ ದನಿ ಏರಿದ್ದು ನಿಜ.

ಅವರು ಚಪ್ಪಲಿ ಬಿಚ್ಚುತ್ತಿದ್ದವರು ಹಾಗೇ ನಿಂತರು. ಕತ್ತು ಅಡುಗೆಮನೆ ಬಾಗಿಲ ಕಡೆ ತಿರುಗಿತು. ಕಣ್ಣು ತಾರೀಖುಗಳ ಮೇಲೆ ಓಡಿತು. ಮುಖ ಮೃದುವಾಯಿತು.

"ನಾಲ್ಕು ದಿನ ಬಿಟ್ಟು ಮಾತಾಡೋಣ, ಆಯ್ತಾ?" ಎಂದರು. "ಈಗ ನಿಂಗೆ ಎಲ್ಲಾ ದೊಡ್ಡದಾಗೇ ಕಾಣತ್ತೆ."

ಆಮೇಲೆ ಅವರೇ ನೀರು ಕಾಯಿಸಿ ಬಿಸಿನೀರಿನ ಚೀಲ ತುಂಬಿ ತಂದುಕೊಟ್ಟರು. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದೆ. ನಾಲ್ಕು ದಿನ ಬಿಟ್ಟು ಮಾತೆತ್ತಿದರೆ ನನ್ನ ದನಿ ತಣ್ಣಗಿತ್ತು, ಬೆಳಗಿನ ಪಾಳಿಗೆ ಬೇರೆಯವರು ಒಗ್ಗಿಹೋಗಿದ್ದರು, ಹೇಳಲು ಏನೂ ಉಳಿದಿರಲಿಲ್ಲ. ನೋಡಿದೆಯಾ, ಈಗ ಸರಿಹೋದೆ ಎಂದು ಅವರು ನಕ್ಕರು. ನಾನೂ ನಕ್ಕೆ. ಆ ನಗೆಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಸೊನ್ನೆಗೆ ವಾರ ಇದ್ದರೆ 'ಡೇಟ್ ಹತ್ತಿರ ಬಂತು'. ಸೊನ್ನೆ ಬಿದ್ದಿದ್ದರೆ 'ಪಾಪ'. ಸೊನ್ನೆ ಕಳೆದು ನಾಲ್ಕು ದಿನವಾಗಿದ್ದರೆ 'ಇನ್ನೂ ಇಳಿದಿಲ್ಲ'. ಹೀಗೆ ಕಳೆಯುತ್ತಾ ಹೋದರೆ ತಿಂಗಳಲ್ಲಿ ನನಗೆ ಬುದ್ಧಿ ನೆಟ್ಟಗಿರುವ ದಿನ ಹತ್ತೋ ಹನ್ನೆರಡೋ. ಬೇಜಾರಿದ್ದರೆ ಆ ಹನ್ನೆರಡರೊಳಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಎತ್ತಿಟ್ಟುಕೊಂಡು ಕಾಯಬೇಕು. ನಾದಿನಿಯರು ಬಂದಾಗ ಇದು ತಮಾಷೆಯ ವಿಷಯ. ಮಳೆ ಬರುತ್ತೋ ಇಲ್ಲವೋ ಹೇಳೋಕಾಗಲ್ಲ, ನಮ್ಮನೆ ಗುಡುಗು ಮಾತ್ರ ಕರೆಕ್ಟಾಗಿ ಹೇಳ್ತೀನಿ ಎಂದು ಯಜಮಾನರು ಕ್ಯಾಲೆಂಡರ್ ತೋರಿಸಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವರು. ನಾದಿನಿಯರೂ ಹೆಂಗಸರೇ. ಅವರ ಮನೆಗಳಲ್ಲೂ ಇಂಥ ಕ್ಯಾಲೆಂಡರಿನ ಮೊಳೆಗಳಿದ್ದಿರಬೇಕು.

ಲ್ಯಾಬಿನಲ್ಲಿ ನಾನು ಸಹಿ ಹಾಕಿದ ರಿಪೋರ್ಟನ್ನು ನೋಡಿ ಡಾಕ್ಟರು ಔಷಧಿ ಬರೆಯುತ್ತಾರೆ. ಅವತ್ತು ನಿನ್ನ ತಾರೀಖೇನು ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ನಮ್ಮ ಯಜಮಾನರ ಸಕ್ಕರೆ ಹೆಚ್ಚಾಗಿರುವುದನ್ನು ಮೊದಲು ಕಂಡುಹಿಡಿದವಳೂ ನಾನೇ. ಅವತ್ತು ಕ್ಯಾಲೆಂಡರಿನಲ್ಲಿ ಸೊನ್ನೆ ಬಿದ್ದು ಎರಡೇ ದಿನ. ಅವರು ಕತ್ತು ತಿರುಗಿಸದೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟರು.

ಈಗ ನನ್ನ ಕಳ್ಳತನವನ್ನೂ ಹೇಳಬೇಕು. ಆ ಸೊನ್ನೆಗಳಲ್ಲಿ ಅರ್ಧಕ್ಕರ್ಧ ಸುಳ್ಳು.

ಮುಟ್ಟಿನ ಲೆಕ್ಕ ಇಡುವ ಮನೆಗೆ ಬಂದ ಹೆಣ್ಣುಮಕ್ಕಳೆಲ್ಲ ಕಲಿಯುವ ವಿದ್ಯೆ ಅದು. ಅತ್ತೆ ಸೊನ್ನೆ ಹಾಕುತ್ತಿದ್ದರು, ಆದರೆ ದಿನ ಹೇಳಬೇಕಾದವಳು ನಾನು. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ತುಂಬ ಜನ ಬರುತ್ತಾರೆ, ಆ ದಿನ ಹೊರಗಾದೆ ಎಂದರೆ ಎಲ್ಲರ ಮುಖ ಸಣ್ಣದಾಗುತ್ತದೆ. ಅದಕ್ಕೇ ಹಿಂದಿನ ವಾರವೇ ಆಯಿತು ಎಂದುಬಿಡುತ್ತಿದ್ದೆ. ಕೆಲವು ಸಲ ಲ್ಯಾಬಿನಲ್ಲಿ ನಿಂತು ನಿಂತು ಸಾಕಾಗಿ ಬಂದಾಗ ಏನೂ ಆಗದೆಯೇ ಆಗಿದೆ ಎಂದದ್ದೂ ಉಂಟು. ಮೂರು ದಿನ ದೇವರ ಪಾತ್ರೆ ತೊಳೆಯುವುದು ತಪ್ಪುತ್ತಿತ್ತು. ಒಂದು ಸುಳ್ಳನ್ನು ಸರಿದೂಗಿಸಲು ಮುಂದಿನ ತಿಂಗಳು ಇನ್ನೊಂದು ಹೇಳಬೇಕು. ಹೀಗೆ ಜರುಗುತ್ತಾ ಜರುಗುತ್ತಾ ಕ್ಯಾಲೆಂಡರೇ ಒಂದು ಕಡೆ, ನನ್ನ ಮೈಯೇ ಒಂದು ಕಡೆ ಹೋಗುತ್ತಿತ್ತು. ಇದು ನನಗೊಬ್ಬಳಿಗೇ ಗೊತ್ತು.

ಆದರೂ ನಮ್ಮ ಯಜಮಾನರ ಭವಿಷ್ಯ ಒಂದು ಸಲವೂ ಸುಳ್ಳಾಗಲಿಲ್ಲ. ಸುಳ್ಳು ಸೊನ್ನೆಯ ಪಕ್ಕದಲ್ಲೂ ನನ್ನ ಸಿಟ್ಟು ಅವರಿಗೆ ಕಾಣಿಸುತ್ತಿತ್ತು. ನಿಜವಾಗಿ ಹೊಟ್ಟೆ ಹಿಂಡುತ್ತಿದ್ದ ದಿನ, ಸೊನ್ನೆ ದೂರವಿದ್ದರೆ, ಇವತ್ತು ಎಷ್ಟು ಸಮಾಧಾನವಾಗಿದ್ದೀಯ ಎನ್ನುತ್ತಿದ್ದರು. ಮೊದಮೊದಲು ನನಗೆ ಒಳಗೊಳಗೇ ಖುಷಿ. ಗಂಡಸನ್ನು ಮಂಗ ಮಾಡಿದೆ ಎಂಬ ಖುಷಿ. ಒಬ್ಬಳೇ ಇದ್ದಾಗ ಆ ಸೊನ್ನೆಗಳನ್ನು ನೋಡಿ ನಕ್ಕಿದ್ದೇನೆ.

ಆ ಖುಷಿಯೂ ಹೋಯಿತು. ಹೋದ ದಿನ ಚೆನ್ನಾಗಿ ನೆನಪಿದೆ. ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅಕ್ಕ ಮನೆಗೆ ಫೋನ್ ಮಾಡಿದ್ದಳು, ಇವರು ಎತ್ತಿ, ಅವಳಿಗೆ ಹೇಳುತ್ತೇನೆ ಎಂದಿದ್ದರು. ಹೇಳಿರಲಿಲ್ಲ. ಗಾಬರಿಯಾಗುತ್ತಾಳೆ, ಕೆಲಸ ಬಿಟ್ಟು ಓಡುತ್ತಾಳೆ ಎಂದು ಸುಮ್ಮನಿದ್ದರಂತೆ. ಮೂರನೇ ದಿನ ಅಕ್ಕ ನನಗೇ ಫೋನ್ ಮಾಡಿ, ನಿನಗೆ ಹೆತ್ತ ತಾಯಿ ಬೇಡವಾದಳಾ ಎಂದು ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಲ್ಯಾಬಿನಿಂದ ಬಾಪೂಜಿ ನಗರಕ್ಕೆ ಹೋಗಿ ಅಮ್ಮನನ್ನು ನೋಡಿಕೊಂಡು ಮನೆಯ ಬಸ್ಸು ಹತ್ತಿದೆ. ಇವತ್ತು ಬಿಡುವುದಿಲ್ಲ ಎಂದುಕೊಂಡೆ. ಏನೇನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡು ಮೆಟ್ಟಿಲು ಹತ್ತಿದೆ.

ಮನೆಯಲ್ಲಿ ಅವರು ಇನ್ನೂ ಬಂದಿರಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋಗುವಾಗ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ನಿನ್ನೆಯ ತಾರೀಖಿಗೆ ಸೊನ್ನೆ. ಓ, ಅದಕ್ಕೇ ಎಂದುಕೊಂಡೆ. ಸುಮ್ಮನೆ ಎಲ್ಲಾ ದೊಡ್ಡದಾಗಿ ಕಾಣುತ್ತಿದೆ, ಎರಡು ದಿನ ಹೋಗಲಿ. ಸಿಟ್ಟು ಇಳಿಯಿತು. ಒಲೆ ಹಚ್ಚಿ ಈರುಳ್ಳಿ ಬಾಡಿಸಲು ನಿಂತೆ. ಈರುಳ್ಳಿ ಕೆಂಪಾಗುವ ಹೊತ್ತಿಗೆ ನೆನಪಾಯಿತು. ಆ ಸೊನ್ನೆ ಸುಳ್ಳು. ಜರುಗಿಹೋದ ಲೆಕ್ಕದ ಪ್ರಕಾರ ನನ್ನ ದಿನ ಭಾನುವಾರದ ಸತ್ಯನಾರಾಯಣ ಪೂಜೆಗೆ ಅಡ್ಡ ಬರುತ್ತಿತ್ತು, ಅದಕ್ಕೇ ನಾನೇ ಮೊದಲೇ ಹೇಳಿ ಹಾಕಿಸಿದ್ದು. ನನಗೆ ಮುಟ್ಟಾಗಿ ಹದಿನೈದು ದಿನವಾಗಿತ್ತು.

ಅಂದರೆ ನನ್ನ ಸುಳ್ಳನ್ನು ನಾನೇ ನಂಬಿ ನನ್ನ ಸಿಟ್ಟನ್ನು ನಾನೇ ಆರಿಸಿಕೊಂಡಿದ್ದೆ. ಕತ್ತು ತಿರುಗಿಸಲು ಅವರು ಮನೆಯಲ್ಲಿರುವ ಅಗತ್ಯವೂ ಇರಲಿಲ್ಲ. ಈರುಳ್ಳಿ ಸೀದಿತ್ತು. ಬೇರೆ ಹೆಚ್ಚಿಕೊಂಡೆ.

ಆಮೇಲೆ ಒಂದು ಸಲ ಧೈರ್ಯ ಮಾಡಿ ಅವರಿಗೆ ಎಲ್ಲವನ್ನೂ ಹೇಳಿದೆ. ಈ ಸೊನ್ನೆ ಸುಳ್ಳು, ಇದೂ ಸುಳ್ಳು, ಇದು ಮಾತ್ರ ನಿಜ ಎಂದು ತಿಂಗಳುಗಳ ಹಾಳೆ ಮಗುಚಿ ತೋರಿಸಿದೆ. ನನ್ನ ಮಾತಿಗೂ ಈ ಗುರುತುಗಳಿಗೂ ಸಂಬಂಧವೇ ಇಲ್ಲ, ನೀವೇ ನೋಡಿ ಎಂದೆ. ಲ್ಯಾಬಿನಲ್ಲಿ ಹೊಸಬರಿಗೆ ವಿವರಿಸುವ ಹಾಗೆ ತಾಳ್ಮೆಯಿಂದಲೇ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ತಲೆ ಸವರಿದರು.

"ಹಿಂಗೆಲ್ಲಾ ಕೂತ್ಕೊಂಡು ಯೋಚ್ನೆ ಮಾಡ್ತೀಯಲ್ಲ, ಅದನ್ನೇ ಕಣೇ ನಾನು ಹೇಳೋದು."

ಅವತ್ತಿನಿಂದ ನನಗೆ ಸಿಟ್ಟು ಬರುವುದು ಕಡಿಮೆಯಾಯಿತು. ಅಳುವೂ ಹಾಗೆಯೇ. ಅಮ್ಮ ತೀರಿಕೊಂಡಾಗ ಎಲ್ಲರೂ ನನ್ನ ಗಟ್ಟಿತನವನ್ನು ಮೆಚ್ಚಿದರು. ಗಟ್ಟಿತನ ಏನೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ನಮ್ಮದಲ್ಲದಂತೆ ಇರುತ್ತದಲ್ಲ, ಹಾಗೆ ಇದ್ದೆ. ಮನೆಯಲ್ಲಿ ಶಾಂತಿ ಇತ್ತು. ಈಗ ನಿನ್ನ ಆರೋಗ್ಯ ಸುಧಾರಿಸಿದೆ ಎಂದು ಯಜಮಾನರು ಹೇಳುತ್ತಿದ್ದರು.

ನಮಗೊಬ್ಬಳೇ ಮಗಳು. ಅವಳು ನನ್ನ ಹಾಗಲ್ಲ, ಅವಳಿಗೆ ಎಲ್ಲವೂ ತಕ್ಷಣ, ಜೋರಾಗಿ. ಹತ್ತು ವರ್ಷದವಳಿದ್ದಾಗ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯನ್ನು ಬಿಚ್ಚಿ, ಸುಟ್ಟ ವೈರನ್ನು ಕತ್ತರಿಸಿ, ಹೊಸದು ಹಾಕಿ, ಅದು ಬಿಸಿಯಾದಾಗ ಮನೆಯೆಲ್ಲಾ ಕುಣಿದಾಡಿದಳು. ಮಿಕ್ಸಿ, ಕಾಲಿಂಗ್ ಬೆಲ್, ಬಾಡಿಗೆಯವರ ಫ್ಯಾನು ಯಾವುದನ್ನೂ ಬಿಡುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದುತ್ತೇನೆ ಎಂದು ಏಳನೇ ಕ್ಲಾಸಿನಲ್ಲೇ ತೀರ್ಮಾನ ಮಾಡಿದ್ದಳು. ಆ ಮಗುವಿನ ಜೋರು ದನಿ ಕೇಳಿದರೆ ನನಗೆ ಮರಗಟ್ಟಿದ ಜಾಗದಲ್ಲಿ ಸ್ವಲ್ಪ ಚುರುಗುಟ್ಟಿದಂತಾಗುತ್ತಿತ್ತು.

ಅವಳು ದೊಡ್ಡವಳಾದ ವಾರ ಅತ್ತೆ ಹಸಿರು ಪೆನ್ನು ತರಿಸಿದರು. ಅಮ್ಮನದು ಕೆಂಪು, ಮಗಳದು ಹಸಿರು, ಗೊಂದಲ ಬೇಡ ಎಂದು. ಇವಳದು ಬೇಡ ಅತ್ತೆ ಎಂದೆ. ಅದೊಂದು ವಿಷಯಕ್ಕೆ ಎಷ್ಟೋ ವರ್ಷಗಳ ನಂತರ ನನ್ನ ದನಿ ಏರಿತ್ತು. ಸೋಫಾದಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಕತ್ತು ತಿರುಗಿಸಿದರು. ನಾನು ಕ್ಯಾಲೆಂಡರಿನ ಎದುರಿನಿಂದ ಸರಿದು ನಿಂತೆ. ಅತ್ತೆ ಹಸಿರು ಸೊನ್ನೆ ಹಾಕಿದರು. ಬೆಳೆಯುವ ಹುಡುಗಿಗೆ ದಿನ ನೆನಪಿರುವುದು ಒಳ್ಳೆಯದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗಳಿಗೆ ಹದಿನೈದಾದ ವರ್ಷ ಅತ್ತೆ ಹೋದರು. ಆಮೇಲೂ ಪೆನ್ನುಗಳು ಫ್ರಿಜ್ಜಿನ ಮೇಲೇ ಇದ್ದವು. ಈಗ ಎರಡು ಬಣ್ಣದಲ್ಲೂ ನಾನೇ ಬರೆಯುತ್ತಿದ್ದೆ.

ಕಳೆದ ವರ್ಷ ಅವಳು ಪಿಯುಸಿಗೆ ಸೇರಿದಳು. ಬೇಕಾದ ಕಾಂಬಿನೇಷನ್ನೇ ಸಿಕ್ಕಿತ್ತು. ಮೊದಲ ಎರಡು ವಾರ ಊಟಕ್ಕೆ ಕೂತರೆ ಕಾಲೇಜಿನದೇ ಮಾತು. ನಾಲ್ಕನೇ ವಾರದ ಒಂದು ಸಂಜೆ ಬಂದವಳು ಬ್ಯಾಗನ್ನು ನೆಲಕ್ಕೆ ಬಿಸಾಕಿದಳು. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದೆ. ಅವಳು ಒಂದೇ ಉಸಿರಿಗೆ ಹೇಳತೊಡಗಿದಳು.

ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ವೈರ್ ಜೋಡಿಸಬೇಕಂತೆ, ಹುಡುಗಿಯರು ಕೂತು ರೆಕಾರ್ಡ್ ಬರೆಯಬೇಕಂತೆ. ನಿಮ್ಮ ಅಕ್ಷರ ದುಂಡಗಿರುತ್ತದೆ ಎಂದು ಮೇಷ್ಟ್ರು ಹೇಳುತ್ತಾರಂತೆ. ಇವಳು ಕೇಳದೆ ತಾನೇ ಜೋಡಿಸಿದಳಂತೆ. ಸರಿಯಾಗಿಯೇ ಜೋಡಿಸಿದ್ದಳು, ಮೀಟರಿನ ಮುಳ್ಳು ಆಡಿತ್ತು. ಮೇಷ್ಟ್ರು ಬಂದು ವೈರುಗಳನ್ನು ಕಿತ್ತು ಪಕ್ಕದ ಹುಡುಗನ ಕೈಗೆ ಕೊಟ್ಟು, ಈಯಮ್ಮ ಇದನ್ನ ಕುಕ್ಕರ್ ಅನ್ಕೊಂಡಿದಾಳೆ, ಮೂರು ವಿಷಲ್ ಬರೋವರೆಗೂ ಇಳಿಸಲ್ಲ ಎಂದರಂತೆ. ಕ್ಲಾಸು ನಕ್ಕಿತು. ಅವತ್ತಿನಿಂದ ಇವಳು ಪ್ರಶ್ನೆ ಕೇಳಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕುಕ್ಕರಿನ ಹಾಗೆ ವಿಷಲ್ ಬರುತ್ತದೆ. ಒಂದು, ಎರಡು, ಮೂರು. ಮೇಷ್ಟ್ರೂ ನಗುತ್ತಾರೆ. ಹತ್ತು ದಿನದಿಂದ ಇದೇ ನಡೆದಿದೆ. ಇವತ್ತು ಕ್ಯಾಂಟೀನಿನಲ್ಲೂ ವಿಷಲ್ ಹಾಕಿದರಂತೆ.

"ನಂಗೆ ಅಲ್ಲಿ ಉಸಿರಾಡೋಕೇ ಆಗಲ್ಲ ಅಮ್ಮ, ನೀನು ಬಂದು ಪ್ರಿನ್ಸಿಪಾಲ್ ಹತ್ರ…"

ಆ ಹೊತ್ತಿಗೆ ನನ್ನ ಕತ್ತು ತಿರುಗಿತು. ನಾನು ತಿರುಗಿಸಬೇಕೆಂದು ತಿರುಗಿಸಿದ್ದಲ್ಲ. ಅವಳ ದನಿ ಏರಿತು, ಕಣ್ಣು ತುಂಬಿತು, ನನ್ನ ಕತ್ತು ತನ್ನ ಪಾಡಿಗೆ ತಾನು ಎಡಕ್ಕೆ ಹೋಯಿತು. ಮುಂದಿನ ಹಸಿರು ಸೊನ್ನೆಗೆ ಇನ್ನು ಮೂರು ದಿನವಿತ್ತು.

ತಿರುಗಿ ನೋಡಿದಾಗ ಅವಳು ಮಾತು ನಿಲ್ಲಿಸಿದ್ದಳು. ವಾಕ್ಯ ಅರ್ಧಕ್ಕೇ ನಿಂತಿತ್ತು. ನನ್ನನ್ನು ನೋಡುತ್ತಿದ್ದಳು.

"ಸ್ವಲ್ಪ ಹೊತ್ತು ಮಲ್ಕೋ ಮಗಳೇ, ನಾಳೆ ಮಾತಾಡೋಣ" ಎಂದೆ. ಅಷ್ಟು ಮೃದುವಾಗಿ ಹೇಳಲು ನನಗೆ ಬರುತ್ತದೆಂದೇ ಗೊತ್ತಿರಲಿಲ್ಲ.

ಅವಳು ಬ್ಯಾಗ್ ಎತ್ತಿಕೊಂಡು ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ನಿಧಾನವಾಗಿ ಮುಚ್ಚಿದಳು. ನಾನು ಉಳಿದ ಹುರುಳಿಕಾಯಿ ಬಿಡಿಸಿ ಮುಗಿಸಿದೆ. ಏನೋ ತಪ್ಪಾಯಿತೆಂದು ಗೊತ್ತಾಗಿತ್ತು. ಬೆಳಿಗ್ಗೆ ಕೇಳೋಣ ಎಂದುಕೊಂಡೆ. ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಚಪಾತಿ ತಿಂದು, ನಗುಮುಖದಲ್ಲೇ ಹೊರಟಳು. ನಿನ್ನೆಯದೇನು ಎಂದೆ. ಏನಿಲ್ಲ, ಸುಮ್ಮನೆ ಎಂದಳು. ಸದ್ಯ ಎನ್ನಿಸಿತು. ಹಾಗೆನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಬಹಳ ಒಳ್ಳೆಯ ಹುಡುಗಿಯಾದಳು. ಕರೆದ ತಕ್ಷಣ ಬರುವಳು. ಕಾಲೇಜು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುವಳು. ಪಕ್ಕದ ಮನೆಯವರು ಕೂಡ, ನಿಮ್ಮ ಮಗಳು ಎಷ್ಟು ಸೈಲೆಂಟಾಗಿಬಿಟ್ಟಳು ಆಂಟಿ, ಈಗ ಹುಡುಗಿ ಅನ್ನಿಸ್ತಾಳೆ ಎಂದರು. ಅದನ್ನು ಕೇಳಿ, ಅವಳನ್ನು ಕೂರಿಸಿಕೊಂಡು ವಿಚಾರಿಸಬೇಕು ಎನ್ನಿಸಿತು. ಆದರೆ ಹಳೆಯ ಅಭ್ಯಾಸ, ಎರಡು ದಿನ ಬಿಟ್ಟು ನೋಡೋಣ ಎಂದು ಬಿಟ್ಟೆ.

ತಿಂಗಳು ಕಳೆದಿತ್ತೇನೋ, ಒಂದು ಭಾನುವಾರ ಅವಳು ನಡುಮನೆಯಲ್ಲಿ ಕೂತು ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ವಾಣಿಜ್ಯದ ಪುಸ್ತಕಗಳು. ಇದು ಯಾರದ್ದು ಎಂದೆ. ನನ್ನದೇ ಎಂದಳು. ಕಾಂಬಿನೇಷನ್ ಬದಲಾಯಿಸಿಕೊಂಡು ಹತ್ತು ದಿನವಾಗಿತ್ತು. ಅಪ್ಪ ಬಂದು ಸಹಿ ಹಾಕಿಕೊಟ್ಟಿದ್ದರು. ಯಜಮಾನರು ಬಾಲ್ಕನಿಯಿಂದಲೇ, ನಿನಗೆ ಹೇಳೋಣ ಅಂತಿದ್ದೆ, ಇನ್ನೂ ಏನೇನೋ ತಲೆಗೆ ಹಚ್ಚಿಕೊಳ್ಳುತ್ತೀಯ ಎಂದು ಬಿಟ್ಟೆ, ಹೆಣ್ಣುಮಕ್ಕಳಿಗೆ ಇದೇ ಆರಾಮ ಎಂದರು. ಅವರು ಖುಷಿಯಲ್ಲಿದ್ದರು.

ನಾನು ಮಗಳ ಎದುರು ನೆಲಕ್ಕೆ ಕೂತೆ. ಕಂದು ಕಾಗದವನ್ನು ಅವಳು ಅಂಚಿಗೆ ಸರಿಯಾಗಿ ಮಡಿಸುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಬಿಚ್ಚಿದ್ದು ಅದೇ ಬೆರಳುಗಳು. ಎಷ್ಟೋ ವರ್ಷಗಳ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ದೊಡ್ಡ ವಿಷಯ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ನಲ್ಲ ಅಮ್ಮ" ಎಂದಳು. "ನೀನು ಅವತ್ತು ತಾರೀಖು ನೋಡ್ದೆ."

ದೂರುವ ದನಿಯಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವಾಗಿನ ದನಿ. ನನ್ನ ಬಾಯಿಂದ ಮಾತು ಕಿತ್ತುಕೊಂಡು ಬಂದಂತೆ ಬಂತು. ನಾಳೆಯೇ ಕಾಲೇಜಿಗೆ ಬರುತ್ತೇನೆ, ಪ್ರಿನ್ಸಿಪಾಲರನ್ನು ನೋಡುತ್ತೇನೆ, ಆ ಮೇಷ್ಟ್ರನ್ನೂ ಬಿಡುವುದಿಲ್ಲ, ವಾಪಸ್ ಸೈನ್ಸಿಗೆ ಹಾಕಿಸುತ್ತೇನೆ, ಅವರು ಏನೇನು ಮಾಡಿದರೋ ಎಲ್ಲಾ ಮೊದಲಿನಿಂದ ಹೇಳು, ಈಗ ಹೇಳು, ಕೇಳುತ್ತೇನೆ ಎಂದೆ. ಅವಳ ಕೈ ಹಿಡಿದುಕೊಂಡಿದ್ದೆ. ಅವಳು ಕಿರುಚಿದ್ದರೆ ಸಾಕಿತ್ತು. ಪುಸ್ತಕ ನನ್ನ ಮುಖಕ್ಕೆ ಎಸೆದಿದ್ದರೂ ಸಾಕಿತ್ತು.

ಅವಳು ನನ್ನ ಕೈಯಿಂದ ಮೆಲ್ಲಗೆ ಕೈ ಬಿಡಿಸಿಕೊಂಡು ಕಾಗದ ಕತ್ತರಿಸಿದಳು.

"ಬೇಡಮ್ಮ. ಈಗ ಏನೂ ಅನ್ನಿಸ್ತಿಲ್ಲ."

ಅದು ನನ್ನ ದನಿ. ನನಗೆ ಅದು ಬರಲು ಹದಿನೈದು ವರ್ಷ ಹಿಡಿದಿತ್ತು. ಅವಳಿಗಿನ್ನೂ ಹದಿನಾರು. ಆಮೇಲೆ ಅವಳು ಇನ್ನೊಂದು ಪುಸ್ತಕ ತೆಗೆದುಕೊಂಡು, ಇದನ್ನ ಸ್ವಲ್ಪ ಹಿಡ್ಕೋ ಎಂದಳು. ನಾನು ಹಿಡಿದುಕೊಂಡೆ.